ದೊಡ್ಡಪ್ಪನ ಎಡಗೈ

ಹೋದ ವಾರ ಗ್ರೇಟರ್ ನೋಯ್ಡಾದ ನಮ್ಮ ಕಾಲೇಜಿನಲ್ಲಿ ನಾನು ನಿದ್ದೆಯ ಪಾಠ ಮಾಡುತ್ತಿದ್ದೆ. ನಿದ್ದೆಯ ಪಾಠದ ಕಷ್ಟವೇನೆಂದರೆ ಹಿಂದಿನ ಬೆಂಚಿನವರು ಅದನ್ನು ಆಗಲೇ ಅಭ್ಯಾಸ ಮಾಡಿಕೊಂಡು ಬಂದಿರುತ್ತಾರೆ. ಅವರನ್ನು ಎಬ್ಬಿಸಲು, ನಿದ್ದೆ ಅಳೆಯುವ ಯಂತ್ರದ ತಂತಿಯನ್ನು ತಲೆಗೆ ಅಂಟಿಸುವುದು ಹೇಗೆಂದು ತೋರಿಸುತ್ತೇನೆ ಅಂದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಧೈರ್ಯ ಮಾಡಿ ಬಂದು ಕೂತಳು. ಕೂದಲು ಬಿಡಿಸಿ, ಬಿಳಿ ಪೇಸ್ಟು ಹಚ್ಚಿ, ಮೊದಲ ತಂತಿ ಒತ್ತಿದೆ. ಜಾರಿತು. ಮತ್ತೆ ಒತ್ತಿದೆ. ಕಿವಿಯ ಮೇಲೆ ಬಂದು ನೇತಾಡಿತು.

“ತಲೆಗೆ ಎಣ್ಣೆ ಹಾಕಿದ್ದೀಯಾ?” ಎಂದು ಹಿಂದಿಯಲ್ಲಿ ಕೇಳಿದೆ.

“ಮಮ್ಮಿ ಹಾಕಿದ್ದು ಸರ್,” ಎಂದಳು, ಕೇಸು ಮಮ್ಮಿಯ ಮೇಲೆ ಹಾಕಿ ಎನ್ನುವ ಹಾಗೆ.

ಹತ್ತಿಗೆ ಸ್ಪಿರಿಟ್ ಸುರಿದು ಉಜ್ಜಿದೆ. ಕೊಬ್ಬರಿ ಎಣ್ಣೆಯೂ ಸ್ಪಿರಿಟ್ಟೂ ಕೂಡಿದ ವಾಸನೆ ಎದ್ದಿತು. ನನ್ನ ಕೈ ಅಲ್ಲೇ ನಿಂತುಬಿಟ್ಟಿತು. ಮಕ್ಕಳು ಇದೂ ಪಾಠದ ಭಾಗವಿರಬೇಕೆಂದು ನೋಟ್ಸ್ ಬರೆದುಕೊಂಡರು. ನಾನು ಆಗಲೇ ಐದು ವರ್ಷ ಹಿಂದಿನ ಒಂದು ಚಳಿಗಾಲಕ್ಕೆ, ಸರೋಜಿನಿ ನಗರದ ಒಂದು ಸರ್ಕಾರಿ ಕ್ವಾರ್ಟರ್ಸಿಗೆ ಹೋಗಿಬಿಟ್ಟಿದ್ದೆ.

ಆ ವರ್ಷ ಮನಃಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಮೈಸೂರಿನಿಂದ ದೆಹಲಿಗೆ ಬಂದಿದ್ದೆ. ಆಸ್ಪತ್ರೆಯೊಂದರ ನಿದ್ರಾ ಪ್ರಯೋಗಾಲಯದಲ್ಲಿ ಸಹಾಯಕನ ಕೆಲಸ. ರಾತ್ರಿ ಪಾಳಿಯ ಜನ, ಅಂದರೆ ಗೇಟಿನ ಕಾವಲುಗಾರರು, ನರ್ಸಮ್ಮಂದಿರು, ಕಾಲ್ ಸೆಂಟರಿನ ಹುಡುಗರು, ಬೆಳಿಗ್ಗೆ ಕೆಲಸ ಮುಗಿಸಿ ನಮ್ಮಲ್ಲಿಗೆ ಬಂದು ಹಗಲೆಲ್ಲ ಮಲಗುತ್ತಿದ್ದರು. ಅವರ ಮಿದುಳು ನಿದ್ದೆಯಲ್ಲಿ ಏನು ಮಾಡುತ್ತದೆ ಎಂದು ನಾವು ಪಕ್ಕದ ಕೋಣೆಯ ಪರದೆಯಲ್ಲಿ ನೋಡುತ್ತಿದ್ದೆವು. ಇದನ್ನು ಕೇಳಿದ ನನ್ನ ದೊಡ್ಡಪ್ಪ, “ನನಗೆ ಮೂವತ್ತೈದು ವರ್ಷದಿಂದ ಆಫೀಸಲ್ಲಿ ತೂಕಡಿಸೋಕೆ ಸಂಬಳ. ನಿನಗೆ ತೂಕಡಿಸೋರನ್ನ ನೋಡೋಕೆ ಸಂಬಳ. ಈ ದೇಶ ಉದ್ಧಾರ ಆಯ್ತು,” ಎಂದರು.

ದೊಡ್ಡಪ್ಪ ಅಂದರೆ ಅಪ್ಪನ ಅಣ್ಣ, ಶ್ರೀಧರಮೂರ್ತಿ. ಕೇಂದ್ರ ಸರ್ಕಾರದ ಒಂದು ಮಂತ್ರಾಲಯದಲ್ಲಿ ಸೆಕ್ಷನ್ ಆಫೀಸರ್, ನಿವೃತ್ತಿಗೆ ಎರಡು ವರ್ಷ ಬಾಕಿ. ದೊಡ್ಡಮ್ಮ ಲಲಿತಾ. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಹುಟ್ಟಿದ ಮಗಳು ಪಲ್ಲವಿ ಹನ್ನೆರಡನೇ ಕ್ಲಾಸು, ದೆಹಲಿಯಲ್ಲೇ ಹುಟ್ಟಿ ಬೆಳೆದವಳು. ನಾನು ಅವರ ಮುಂದಿನ ಕೋಣೆಯಲ್ಲಿದ್ದೆ. ಪಲ್ಲವಿ ನನ್ನನ್ನು ‘ವಿನಯ್ ಭಯ್ಯಾ’ ಅನ್ನುತ್ತಿದ್ದಳು. ತರಕಾರಿ ಗಾಡಿಯವನೂ ಭಯ್ಯಾ, ನಾನೂ ಭಯ್ಯಾ. ಅವಳು ಬಾಗಿಲಲ್ಲಿ ನಿಂತು “ಭಯ್ಯಾ” ಎಂದು ಕೂಗಿದರೆ ಒಮ್ಮೊಮ್ಮೆ ಇಬ್ಬರೂ ಓಗೊಡುತ್ತಿದ್ದೆವು. ಅವನ ಮಾಲು ನನ್ನದಕ್ಕಿಂತ ತಾಜಾ ಇರುತ್ತಿತ್ತು.

ನನ್ನ ಮಾಲೆಂದರೆ ಮಿಮಿಕ್ರಿ. ಮೆಟ್ರೋದ ಘೋಷಣೆ, ಮಾರ್ಕೆಟ್ಟಿನಲ್ಲಿ ಬಟ್ಟೆ ಮಾರುವವರ ಕೂಗು, ನಮ್ಮ ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಬಿಷ್ಟ್‌ಜಿ ಕನ್ನಡಕ ಮೂಗಿನ ತುದಿಗಿಳಿಸಿ “ಬೇಟಾ” ಅನ್ನುವುದು, ಒಂಬತ್ತು ಬಗೆಯ ಗೊರಕೆ. ಹತ್ತನೆಯ ಬಗೆಯನ್ನು ಬಿಷ್ಟ್‌ಜಿ ಒಂದು ದಿನ ಯಂತ್ರದಲ್ಲಿ ಕೇಳಿಸಿದರು. ಹಳೆಯ ಸ್ಕೂಟರನ್ನು ಒದ್ದು ಒದ್ದು ಸ್ಟಾರ್ಟ್ ಮಾಡುವ ಹಾಗಿತ್ತು. ಹೊಟ್ಟೆ ಹಿಡಿದು ನಕ್ಕು, ಯಾರದು ಎಂದು ಕೇಳಿದೆ. ಊಟದ ನಂತರ ನಾನು ಅಲ್ಲೇ ಹಾಸಿಗೆಯಲ್ಲಿ ಒರಗಿದ್ದಾಗ ರೆಕಾರ್ಡ್ ಮಾಡಿದ್ದಂತೆ.

ಆದರೆ ನನ್ನ ಮುಖ್ಯ ಐಟಂ ದೊಡ್ಡಪ್ಪ. ಬಲ ಕಂಕುಳಲ್ಲಿ ಒಂದು ಫೈಲು, ಎಡಗೈ ಮಾತ್ರ ಗಣರಾಜ್ಯೋತ್ಸವದ ಪೆರೇಡಿನ ಹಾಗೆ ಹಿಂದೆ ಮುಂದೆ. ಆ ಕೈಗೆ ಸಿಕ್ಕಿ ಮಂತ್ರಾಲಯದ ಕಾರಿಡಾರಿನಲ್ಲಿ ಚಹಾದ ತಟ್ಟೆಗಳು ಹಾರಿದ್ದುಂಟಂತೆ. ಸಂಜೆ ಮನೆಗೆ ಬರುವಾಗ ಗೇಟಿನ ಹತ್ತಿರವೇ ಗಾಳಿ ಮೂಸಿ “ಇವತ್ತು ಬಸ್ಸಾರು” ಎಂದು ತೀರ್ಪು ಕೊಡುವುದು, ಅಲ್ಲಿಂದಲೇ “ಲಲಿತಾ, ಕಾಫಿ” ಎಂದು ಕೂಗುವುದು. ಆ ಕೂಗಿಗೆ ಬೇವಿನ ಮರದ ಪಾರಿವಾಳಗಳು ಏಳುತ್ತಿದ್ದವು. ಒಳಗಿಂದ ದೊಡ್ಡಮ್ಮ “ಬಂದೇ ರೀ” ಅನ್ನುತ್ತಿದ್ದರು. ಭಾನುವಾರ ಊಟವಾದ ಮೇಲೆ ದೊಡ್ಡಪ್ಪ ತಾವೇ ಕೇಳುತ್ತಿದ್ದರು: “ನನ್ನನ್ನ ಮಾಡೋ.” ನಾನು ಮಾಡಿ ಮುಗಿಸಿದರೆ ಫೈಲಿನ ಮೇಲೆ ಷರಾ ಬರೆದ ಹಾಗೆ, “ತಿದ್ದುಪಡಿಯೊಂದಿಗೆ ಮಂಜೂರು,” ಎಂದು ಮಲಗಲು ಹೋಗುತ್ತಿದ್ದರು.

ಇದೆಲ್ಲ ನಾನು ಬಂದ ಹೊಸತರ ಮಾತು. ದೀಪಾವಳಿಯ ಹೊತ್ತಿಗೆ ಮನೆಯ ರೀತಿಯೇ ಬೇರೆಯಾಗಿತ್ತು. ದೊಡ್ಡಮ್ಮ ಹಾಲಿನ ದಿವಾನಿನ ಮೇಲೆ ಮಲಗುತ್ತಿದ್ದರು. ಹಬ್ಬದ ದಿನ ಅವರ ಕೆನ್ನೆಯ ಮೇಲೆ ಇನ್ನೂ ಮಾಸದ ನೀಲಿ ಗುರುತು. ಪಕ್ಕದ ಮನೆಯವರಿಗೆ “ಬೀರು ಬಾಗಿಲು ತಗುಲಿತು” ಎಂದರು. ಆ ಬೀರುವಿನ ಬಾಗಿಲು ಅವರ ಸೊಂಟದ ಎತ್ತರವಿತ್ತು. ಪಕ್ಕದವರಿಗೂ ಅದು ಗೊತ್ತಿತ್ತು.

ಆಮೇಲೆ ಹೊಗೆಯ ದಿನಗಳು ಬಂದವು. ಎದುರು ಮನೆಯ ಬಾಲ್ಕನಿ ಕಾಣದ ಹಾಗೆ ಆಕಾಶ ನೆಲಕ್ಕಿಳಿದು ಕೂತಿತು. ಎಲ್ಲರಿಗೂ ಗಂಟಲು ಕೆರೆತ. ಅದೇ ತಿಂಗಳು ನಮ್ಮ ಕನ್ನಡ ಸಂಘದ ರಾಜ್ಯೋತ್ಸವ. ಮಾಸ್ಕ್ ಹಾಕಿಕೊಂಡೇ ನಾಡಗೀತೆ ಹಾಡಿದೆವು. ನನ್ನ ಐಟಂ ಬಂದಾಗ ದೊಡ್ಡಪ್ಪನನ್ನು ಮಾಡಿದೆ. ಕೈ ಬೀಸಿದೆ, ಗಾಳಿ ಮೂಸಿದೆ, ಕಾಫಿ ಕೂಗಿದೆ. ಸಭೆ ನಕ್ಕು ನಕ್ಕು ಕೆಮ್ಮಿತು. ಮುಂದಿನ ಸಾಲಿನಲ್ಲಿ ದೊಡ್ಡಪ್ಪ ಮಾತ್ರ ನಗಲಿಲ್ಲ. ಅವರ ಮುಖ ಇಸ್ತ್ರಿ ಮಾಡಿದ ಹಾಗಿತ್ತು. ಸಿಟ್ಟಾದರು ಅಂದುಕೊಂಡೆ.

ಆಟೋದಲ್ಲಿ ವಾಪಸು ಬರುವಾಗ ಪಲ್ಲವಿ ಹೇಳಿದಳು: “ಭಯ್ಯಾ, ನೀನು ಓಲ್ಡ್ ವರ್ಷನ್ ಮಾಡಿದೆ. ಅಪ್ಪ ಅಬ್ ಐಸೇ ನಹೀ ಚಲ್ತೇ.”

“ಹಾಗಾದರೆ ಹೇಗೆ ನಡೀತಾರೆ?”

“ಪತಾ ನಹೀ. ನೀನು ಆರ್ಟಿಸ್ಟ್ ಅಲ್ವಾ, ನೋಡು.”

ಕಲಾವಿದನಿಗೆ ಅವಮಾನವಾಯಿತು. ಮರುದಿನ ಸಂಜೆ ಮೆಟ್ರೋ ಸ್ಟೇಷನ್ನಿನ ಹತ್ತಿರ ದೊಡ್ಡಪ್ಪ ಇಳಿದು ಬರುವುದನ್ನು ಕಾದು, ಹತ್ತು ಹೆಜ್ಜೆ ಹಿಂದೆ ನಕಲು ಮಾಡುತ್ತ ನಡೆದೆ. ಆ ಹೊಗೆಯಲ್ಲಿ ಹಿಂದೆ ತಿರುಗಿದರೂ ನಾನು ಕಾಣುತ್ತಿರಲಿಲ್ಲ. ಎಡಗೈ ಬೀಸಿದೆ. ಏನೋ ತಪ್ಪಾಯಿತು. ಅವರ ಕೈ ಬೀಸುತ್ತಿರಲಿಲ್ಲ. ಮೊಣಕೈ ಸ್ವಲ್ಪ ಮಡಚಿ, ಬಾಡಿಗೆಗೆ ತಂದ ಕೈಯಂತೆ ಮೈಗೆ ಅಂಟಿಕೊಂಡಿತ್ತು. ನಾನೂ ನನ್ನ ಕೈ ನಿಲ್ಲಿಸಿದೆ. ಹೆಜ್ಜೆ ಚಿಕ್ಕದು ಮಾಡಿದೆ. ಆಗ ತಾಳ ಕೂಡಿತು. ಗೇಟಿನ ಹತ್ತಿರ ಅವರು ಗಾಳಿ ಮೂಸಲಿಲ್ಲ. ಒಳಗೆ ಹೋಗಿ ಸಣ್ಣ ದನಿಯಲ್ಲಿ ಕಾಫಿ ಕೇಳಿದರು. ದೊಡ್ಡಮ್ಮನಿಗೆ ಕೇಳಿಸಲಿಲ್ಲ.

ನನಗೆ ಖುಷಿಯೇ ಆಯಿತು ಎಂದು ಹೇಳಬೇಕು. ಹೊಸ ಐಟಂ ಸಿಕ್ಕಿತಲ್ಲ.

ಡಿಸೆಂಬರಿನಲ್ಲಿ ಬಿಸಿಲು ಕಂಡ ಒಂದು ಭಾನುವಾರ ದೊಡ್ಡಮ್ಮ ಹಿತ್ತಲಲ್ಲಿ ಚಾಪೆ ಹಾಸಿ ಬಟಾಣಿ ಬಿಡಿಸುತ್ತಿದ್ದರು. ನಾನು ಬಿಡಿಸಿದ್ದನ್ನು ತಿನ್ನುತ್ತಿದ್ದೆ. ತಲೆ ಎತ್ತದೆ ಅವರು ಹೇಳಿದರು:

“ಮೂವತ್ತು ವರ್ಷದಲ್ಲಿ ಈ ಮನುಷ್ಯ ನನ್ನ ಮೇಲೆ ಒಂದು ಸಲ ಕೈಯೆತ್ತಿದವರಲ್ಲ ಕಣೋ. ಈಗ ನಿದ್ದೇಲಿ ಹೊಡೀತಾರೆ, ಒದೀತಾರೆ, ಬೈತಾರೆ. ಹಗಲು ಮುಚ್ಚಿಟ್ಟಿದ್ದೇ ತಾನೇ ನಿದ್ದೇಲಿ ಹೊರಗೆ ಬರೋದು? ಅಡುಗೆ ಹೇಗಿದೆ ಅಂತ ಒಂದು ಮಾತಿಲ್ಲ. ಮೊನ್ನೆ ಸಾರು ಸೀದುಹೋಗಿತ್ತು, ಅದನ್ನೂ ಸುಮ್ಮನೆ ಉಂಡರು. ಕರೆಯೋದಾದ್ರೂ ಬಾಯಿ ಬಿಟ್ಟು ಕರೀತಾರಾ? ನಗು ಅಂತೂ ಇಲ್ಲವೇ ಇಲ್ಲ. ನಾನು ಬೇಡವಾಗಿದ್ದೀನಿ. ಪಲ್ಲವಿ ಪರೀಕ್ಷೆ ಮುಗೀಲಿ, ಮೈಸೂರಿಗೆ ಅಕ್ಕನ ಮನೆಗೆ ಹೋಗ್ತೀನಿ. ಮತ್ತೆ ಬರಲ್ಲ.”

ತಮಾಷೆ ಮಾಡಲು ಬಾಯಿ ತೆರೆದೆ. ಬಾಯಲ್ಲಿ ಬಟಾಣಿ ಮಾತ್ರ ಇತ್ತು.

ಆ ಸಂಜೆ ಹಾಲು ತರುವ ನೆಪದಲ್ಲಿ ದೊಡ್ಡಪ್ಪನ ಜೊತೆ ಹೋದೆ. ಹೇಗೆ ಕೇಳುವುದೆಂದು ತಿಳಿಯದೆ, “ನಿದ್ದೆ ಚೆನ್ನಾಗಿ ಬರುತ್ತಾ ದೊಡ್ಡಪ್ಪಾ?” ಎಂದೆ. ಅವರು ಹಾಲಿನ ಚೀಲವನ್ನು ಎಡಗೈಯಿಂದ ಬಲಗೈಗೆ ದಾಟಿಸಿಕೊಂಡರು.

“ಕೋತಿ ಕಣೋ,” ಎಂದರು. ಅವರ ಮಂತ್ರಾಲಯದ ಕಿಟಕಿಗಳಲ್ಲಿ ಕೋತಿಗಳು ನುಗ್ಗಿ ಊಟದ ಡಬ್ಬಿ, ಫೈಲು ಎಲ್ಲ ಎತ್ತಿಕೊಂಡು ಹೋಗುವುದು ಹಳೆಯ ಕಥೆ. “ಕನಸಲ್ಲಿ ಬರುತ್ತೆ. ಫೈಲು ಕಿತ್ಕೊಳ್ಳುತ್ತೆ. ನಾನು ಓಡಿಸ್ತೀನಿ, ಒದೀತೀನಿ. ಕಣ್ಣು ಬಿಟ್ಟರೆ ಇವಳು ಮುಖ ಹಿಡ್ಕೊಂಡು ಕೂತಿರ್ತಾಳೆ. ಕೋತಿ ಅಂದ್ಕೊಂಡೆ ಅಂತ ನಿಜ ಹೇಳಿದೆ. ‘ಓಹೋ, ನಾನು ಕೋತೀನಾ’ ಅಂದಳು.” ಮತ್ತೆ, “ದಿವಾನ್ ಮೇಲೆ ಮಲಗು ಅಂತ ನಾನೇ ಹೇಳಿದ್ದು. ಅವಳ ಕಣ್ಣಿಗೆ ಪೆಟ್ಟಾದ್ರೆ? ಅದನ್ನೂ ತಪ್ಪು ತಿಳ್ಕೊಂಡಳು,” ಎಂದರು.

ಆ ವಾರವೇ ನಮ್ಮ ಡಾಕ್ಟರ್ ಮೇಡಂ ಲ್ಯಾಬಿನ ಹೊಸಬರಿಗೆ ಪಾಠ ಮಾಡಿದರು. ಕನಸು ಬೀಳುವ ಹೊತ್ತಿನಲ್ಲಿ ಮಿದುಳು ಮೈಗೆ ಬೀಗ ಹಾಕಿಡುತ್ತದೆ; ಕನಸಲ್ಲಿ ಓಡಿದರೂ ಕಾಲು ಅಲ್ಲಾಡುವುದಿಲ್ಲ. ಗದ್ದಕ್ಕೆ ಅಂಟಿಸಿದ ತಂತಿಯಿಂದ ಪರದೆಯಲ್ಲಿ ಮೂಡುವ ಗೆರೆ ಆಗ ಸಪಾಟಾಗುತ್ತದೆ. ಕೆಲವರಲ್ಲಿ ಆ ಬೀಗ ಸಡಿಲವಾಗುತ್ತದೆ. ಆಗ ಅವರು ಕನಸನ್ನು ಮೈಯಿಂದ ಆಡುತ್ತಾರೆ. “ಹಿಂದೆ ಇದನ್ನು ಕೆಟ್ಟ ಕನಸು, ಕೆಟ್ಟ ಸ್ವಭಾವ, ಮನಸ್ಸಿನ ಸಿಟ್ಟು ಅಂತ ಬಿಡುತ್ತಿದ್ದರು. ಈಗಿನ ಸಂಶೋಧನೆ ಬೇರೆ ಹೇಳುತ್ತಿದೆ. ಇವರಲ್ಲಿ ಬಹಳ ಜನಕ್ಕೆ ವರ್ಷಗಳ ನಂತರ ನಡುಕದ ಕಾಯಿಲೆ ಬರುತ್ತದೆ, ಪಾರ್ಕಿನ್ಸನ್ಸ್. ಎಲ್ಲರಿಗೂ ಅಲ್ಲ, ಯಾವಾಗ ಅಂತಲೂ ಹೇಳಲಾಗದು. ಆದರೆ ಕೈ ನಡುಗುವುದಕ್ಕೆ ಬಹಳ ಮೊದಲೇ ಮಿದುಳು ನಿದ್ದೆಯಲ್ಲಿ ಸುದ್ದಿ ಕಳಿಸುತ್ತದೆ. ಮೂಗಿಗೆ ವಾಸನೆ ಹೋಗಬಹುದು. ದನಿ ಸಣ್ಣದಾಗಬಹುದು. ಮುಖದಲ್ಲಿ ಭಾವ ಕಡಿಮೆಯಾಗಬಹುದು. ನಡೆಯುವಾಗ ಒಂದು ಕೈ ಬೀಸುವುದು ನಿಲ್ಲಬಹುದು.”

ನಾನು ಹಿಂದಿನ ಬೆಂಚಿನಲ್ಲಿ ಗದ್ದದ ಗೆರೆಯ ಮಿಮಿಕ್ರಿ ಮಾಡಿ ಪಕ್ಕದವನನ್ನು ನಗಿಸುತ್ತಿದ್ದೆ. ನನ್ನ ಮುಖವೂ ಇಸ್ತ್ರಿಯಾಯಿತು.

ಪಾಠ ಮುಗಿದ ಮೇಲೆ ಮೇಡಂ ಬಳಿ ಹೋದೆ. ಹೇಳಲು ಬರಲಿಲ್ಲ. ಬಂದ ವಿದ್ಯೆ ಒಂದೇ. ಕಾರಿಡಾರಿನಲ್ಲಿ ಮೊದಲು ಹಳೆಯ ದೊಡ್ಡಪ್ಪನಾಗಿ ನಡೆದೆ, ತಿರುಗಿ ಹೊಸ ದೊಡ್ಡಪ್ಪನಾಗಿ ಬಂದೆ. ಬಿಷ್ಟ್‌ಜಿ ನಗಲು ಶುರುಮಾಡಿ ಮೇಡಂ ಮುಖ ನೋಡಿ ನಿಲ್ಲಿಸಿದರು.

“ಯಾರಿವರು?” ಎಂದರು ಮೇಡಂ.

“ನನ್ನ ದೊಡ್ಡಪ್ಪ.”

“ಕರೆದುಕೊಂಡು ಬನ್ನಿ. ನೀವಾಗಿ ಅವರಿಗೆ ಏನೂ ಹೇಳಬೇಡಿ. ನಕಲು ನಿಮ್ಮ ಕೆಲಸ, ನಿರ್ಣಯ ನಮ್ಮದು.”

ದೊಡ್ಡಮ್ಮನಿಗೆ ಇಷ್ಟೇ ಹೇಳಿದೆ: ಒದೆಯುವುದು ಸಿಟ್ಟಿನಿಂದಲ್ಲದೆ ಕಾಯಿಲೆಯಿಂದಲೂ ಇರಬಹುದು, ಒಂದು ರಾತ್ರಿ ಲ್ಯಾಬಿನಲ್ಲಿ ಮಲಗಿದರೆ ಯಂತ್ರ ಹೇಳುತ್ತದೆ.

“ಸಿಟ್ಟು ಹೌದೋ ಅಲ್ಲವೋ ಅಂತ ಯಂತ್ರಕ್ಕೆ ಗೊತ್ತಾಗುತ್ತಾ?”

“ಕಾಯಿಲೆ ಹೌದೋ ಅಲ್ಲವೋ ಗೊತ್ತಾಗುತ್ತೆ.”

“ಹಾಗಾದ್ರೆ ನಾನೂ ಬರ್ತೀನಿ,” ಎಂದರು. ಮೂವತ್ತು ವರ್ಷದ ಬದುಕಿನ ತೀರ್ಪು ಕೇಳಲು ಹೊರಟವರ ಹಾಗೆ.

ಸೂಚನೆಯ ಹಾಳೆಯನ್ನು ದೊಡ್ಡಪ್ಪನ ಕೈಗೆ ಕೊಟ್ಟೆ. ಮಧ್ಯಾಹ್ನದ ನಂತರ ಚಹಾ ಕಾಫಿ ಬೇಡ, ತಲೆಗೆ ಶಾಂಪೂ ಹಾಕಿ ತೊಳೆದು ಬರಬೇಕು, ಎಣ್ಣೆ ಹಚ್ಚಲೇಬಾರದು. ಆ ಕೊನೆಯದರ ಕೆಳಗೆ ಎರಡು ಗೆರೆ. ಆ ರಾತ್ರಿ ಬಿಷ್ಟ್‌ಜಿಯ ಡ್ಯೂಟಿ. ನಾನು ಮನೆಯಲ್ಲಿ ಪಲ್ಲವಿಯ ಕಾವಲಿಗಿದ್ದೆ.

ಬೆಳಿಗ್ಗೆ ಮಂಜಿನಲ್ಲಿ ತಡಕಾಡಿಕೊಂಡು ಲ್ಯಾಬಿಗೆ ಹೋದರೆ ಬಾಗಿಲಲ್ಲೇ ಸ್ಪಿರಿಟ್ಟು, ಕೊಬ್ಬರಿ ಎಣ್ಣೆ ಕೂಡಿದ ವಾಸನೆ. ಬಿಷ್ಟ್‌ಜಿಯ ಕಣ್ಣು ಕೆಂಪಾಗಿತ್ತು.

“ಬೇಟಾ, ನಿನ್ನ ತಾವೂಜಿಯದು ತಲೆಯೋ ಪಕೋಡ ಕರಿಯೋ ಕಡಾಯಿಯೋ? ಒಂದು ಬಾಟಲಿ ಸ್ಪಿರಿಟ್ ಖಾಲಿ. ಒಂದೇ ಒಂದು ತಂತಿ ನಿಲ್ಲಲಿಲ್ಲ. ಟೆಸ್ಟ್ ಹಾಳು.”

ದೊಡ್ಡಮ್ಮ ಬೆಂಚಿನ ಮೇಲೆ ಶಾಲು ಹೊದ್ದು ಕೂತಿದ್ದರು. “ನನಗೇನು ಗೊತ್ತು? ಹೊಸ ಜಾಗ, ನಿದ್ದೆ ಬರದೆ ಹೋದ್ರೆ ಯಂತ್ರ ಏನು ನೋಡುತ್ತೆ ಅಂತ ಎಣ್ಣೆ ಬಿಸಿ ಮಾಡಿ ಚೆನ್ನಾಗಿ ತಿಕ್ಕಿದೆ. ನಿದ್ದೆಗೆ ಎಣ್ಣೆ ಹಚ್ಚಬಾರದು ಅನ್ನೋ ಆಸ್ಪತ್ರೆಯನ್ನ ನಾನೆಲ್ಲೂ ನೋಡಿಲ್ಲ,” ಎಂದು ನನ್ನ ಮೇಲೇ ತಿರುಗಿದರು. ತಪ್ಪು ನನ್ನದೇ. ತಲೆಗೆ ಎಣ್ಣೆ ಹಚ್ಚುವ ಮನೆಯಲ್ಲಿ ಹಾಳೆಯನ್ನು ಹಚ್ಚುವವರ ಕೈಗಲ್ಲವೇ ಕೊಡಬೇಕಾದ್ದು?

“ದೊಡ್ಡಪ್ಪ, ನೀವು ಹಾಳೆ ಓದಲಿಲ್ವಾ?” ಎಂದೆ.

ದೊಡ್ಡಪ್ಪ ಅಂಗಿಯ ಜೇಬಿನಿಂದ ಹಾಳೆ ತೆಗೆದರು. ಎಣ್ಣೆಯ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಅವರದೇ ಟಿಕ್ ಮಾರ್ಕ್ ಇತ್ತು.

“ಓದಿದ್ದೆ,” ಎಂದರು ಅದೇ ಸಣ್ಣ ದನಿಯಲ್ಲಿ. “ಮೂರು ತಿಂಗಳಾಗಿತ್ತು ಇವಳು ನನ್ನ ತಲೆ ಮುಟ್ಟಿ. ಬೇಡ ಅನ್ನೋಕೆ ಆಗಲಿಲ್ಲ.”

ಮೂವತ್ತೈದು ವರ್ಷ ನಿಯಮದ ಒಂದು ಕೊಂಬು ದೀರ್ಘ ತಪ್ಪಿಸದ ಸೆಕ್ಷನ್ ಆಫೀಸರ್. ದೊಡ್ಡಮ್ಮ ಶಾಲಿನ ಅಂಚನ್ನು ಬಾಯಿಗೆ ಒತ್ತಿಕೊಂಡರು.

“ಎಣ್ಣೆ ವಾಸನೆ ಮಾತ್ರ ಬರಲಿಲ್ಲ ನೋಡು,” ಎಂದು ದೊಡ್ಡಪ್ಪ ಅವರತ್ತ ತಿರುಗಿ ಹೇಳಿದರು. “ನಿನ್ನ ಸಾರಿನದೂ ಬರಲ್ಲ. ಯಾವುದೂ ಬರಲ್ಲ. ಹೊಗೆಗೆ ಮೂಗು ಹೋಯ್ತು ಅಂದ್ಕೊಂಡಿದ್ದೆ. ಎಣ್ಣೆ ಬಿಸಿಯಾಗಿತ್ತು, ಅದು ಗೊತ್ತಾಯ್ತು.”

ಬಿಷ್ಟ್‌ಜಿಗೆ ಕನ್ನಡ ಬರುವುದಿಲ್ಲ. ಆದರೂ ಅವರು ಹೋಗಿ ಮೂರು ಚಹಾ ತಂದರು.

ಮುಂದಿನ ವಾರ ಎರಡು ಸಲ ಶಾಂಪೂ ಹಾಕಿದ ತಲೆ ಬಂತು. ಈ ಸಲ ತಂತಿಗಳು ನಿಂತವು. ಗದ್ದದ ಗೆರೆ ಮಾತ್ರ ಸಪಾಟಾಗಲಿಲ್ಲ. ಮೇಡಂ ಇಬ್ಬರನ್ನೂ ಎದುರು ಕೂರಿಸಿಕೊಂಡು, ನರರೋಗದ ಡಾಕ್ಟರರ ವರದಿಯನ್ನೂ ಮುಂದಿಟ್ಟುಕೊಂಡು, ನಿಧಾನವಾಗಿ ಹಿಂದಿಯಲ್ಲಿ ಹೇಳಿದರು. ಕನಸಿನ ಬೀಗ ಸಡಿಲವಾಗಿದೆ. ಜೊತೆಗೆ ಕಾಯಿಲೆ ಶುರುವಾಗಿದೆ, ಸಣ್ಣದಾಗಿ. ಒದೆತಕ್ಕೆ ಮಾತ್ರೆಯಿದೆ. ಮಂಚದ ಪಕ್ಕದ ಮೇಜು ತೆಗೆಯಿರಿ. ಕೈಕಾಲಿಗೆ ದಿನಾ ವ್ಯಾಯಾಮ ಬೇಕು. ಪೂರ್ತಿ ವಾಸಿ ಮಾಡುವ ಔಷಧಿ ಇನ್ನೂ ಇಲ್ಲ, ಹುಡುಕುತ್ತಿದ್ದಾರೆ.

ದೊಡ್ಡಮ್ಮ ಕೇಳಿದ್ದು ಇಷ್ಟೇ. “ಅಂದರೆ ಇವರಿಗೆ ನನ್ನ ಮೇಲೆ ಸಿಟ್ಟಲ್ಲ?”

“ಅಲ್ಲ.”

“ಮಾತಾಡದೆ ಇರೋದು, ನಗದೆ ಇರೋದು?”

“ಅದೂ ಕಾಯಿಲೆಯದೇ.”

ದೊಡ್ಡಮ್ಮನ ಮುಖದಲ್ಲಿ ಆಗ ಬಂದದ್ದನ್ನು ನಾನು ಇದುವರೆಗೆ ಮಿಮಿಕ್ರಿ ಮಾಡಲು ಆಗಿಲ್ಲ. ಒಂದೇ ಹಾಳೆಯಲ್ಲಿ ಗಂಡ ಸಿಕ್ಕಿದ್ದ, ಅದೇ ಹಾಳೆಯಲ್ಲಿ ಸ್ವಲ್ಪ ಸ್ವಲ್ಪ ಹೊರಡಲೂ ಶುರುಮಾಡಿದ್ದ. ಅವರು ದೊಡ್ಡಪ್ಪನ ಎಡಗೈ ಹಿಡಿದುಕೊಂಡು ಎದ್ದರು. ಮೈಸೂರಿನ ಮಾತು ಮತ್ತೆ ಬರಲಿಲ್ಲ.

ಸಂಕ್ರಾಂತಿ ಕಳೆದ ಭಾನುವಾರ, ಊಟವಾದ ಮೇಲೆ ದೊಡ್ಡಪ್ಪ ಬಹಳ ದಿನದ ನಂತರ ಕೇಳಿದರು. “ನನ್ನನ್ನ ಮಾಡೋ.”

ಹಳೆಯದನ್ನು ಮಾಡಲು ಎದ್ದೆ.

“ಅದಲ್ಲ. ಈಗಿನದು. ಎಲ್ಲರೂ ನನ್ನನ್ನ ನೋಡ್ತಾರೆ, ಯಾರೂ ಹೇಳಲ್ಲ. ನಾನೂ ನೋಡಬೇಕು.”

ದೊಡ್ಡಮ್ಮನತ್ತ ನೋಡಿದೆ. ಅವರು ತಲೆಯಾಡಿಸಿದರು. ಹಾಲಿನ ಈ ಗೋಡೆಯಿಂದ ಆ ಗೋಡೆಗೆ ನಡೆದೆ. ಕೈ ಮೈಗೆ ಅಂಟಿಸಿ, ಸಣ್ಣ ಹೆಜ್ಜೆಯಲ್ಲಿ. ಗೋಡೆಯ ಹತ್ತಿರ ಬೊಂಬೆಯ ಹಾಗೆ ಇಡೀ ಮೈ ತಿರುಗಿಸಿದೆ. ಸಣ್ಣ ದನಿಯಲ್ಲಿ ಕಾಫಿ ಕೇಳಿದೆ. ಪಲ್ಲವಿ ಎದ್ದು ಒಳಗೆ ಹೋದಳು. ನನ್ನ ಜೀವನದಲ್ಲಿ ಯಾರೂ ನಗದ, ನಾನೂ ನಗಿಸಲು ಬಯಸದ ಐಟಂ ಅದೊಂದೇ.

ದೊಡ್ಡಪ್ಪ ಕಣ್ಣು ಕೀಲಿಸಿ ನೋಡಿದರು. “ಮೊಣಕೈ ಇನ್ನೊಂಚೂರು ಮಡಚಬೇಕು,” ಎಂದರು. ಮಡಚಿದೆ. “ಹಾಂ. ತಿದ್ದುಪಡಿಯೊಂದಿಗೆ ಮಂಜೂರು.” ಆಮೇಲೆ ಎದ್ದು ನನ್ನ ಪಕ್ಕ ನಿಂತು, ಎಡಗೈಯನ್ನು ಬೇಕೆಂದೇ ಹಿಂದಕ್ಕೆ ಮುಂದಕ್ಕೆ ಬೀಸಿದರು. ದೊಡ್ಡಮ್ಮ “ಒಂದು, ಎರಡು” ಎಂದು ಎಣಿಸತೊಡಗಿದರು. ಆ ಚಳಿಗಾಲ ನನ್ನ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಈಗ ಆ ಕ್ವಾರ್ಟರ್ಸೂ ಇಲ್ಲ, ಬೇವಿನ ಮರವೂ ಇಲ್ಲ. ಅಲ್ಲಿ ಎತ್ತರದ ಕಟ್ಟಡಗಳೆದ್ದಿವೆ. ದೊಡ್ಡಪ್ಪ ನಿವೃತ್ತರಾಗಿ ಘಾಜಿಯಾಬಾದಿನ ಫ್ಲ್ಯಾಟಿನಲ್ಲಿದ್ದಾರೆ. ಬಲಗೈಯೂ ನಿಧಾನವಾಗಿದೆ. ದನಿ ಕೇಳಬೇಕಾದರೆ ಪಕ್ಕದಲ್ಲೇ ಕೂರಬೇಕು. ಆ ಹುಡುಗಿಯ ಎಣ್ಣೆತಲೆಯ ಪಾಠ ಮುಗಿಸಿದ ಮಾರನೆಯ ದಿನವೇ ಅಲ್ಲಿಗೆ ಹೋದೆ. ದೊಡ್ಡಮ್ಮ ಅಡುಗೆಮನೆಯಲ್ಲಿದ್ದರು.

“ಮಾಡೋ,” ಎಂದರು ದೊಡ್ಡಪ್ಪ.

“ಯಾವುದು, ಈಗಿನದಾ?”

ತಲೆ ಅಡ್ಡಡ್ಡ ಆಡಿಸಿದರು. ಬೆರಳಿನಿಂದ ಹಿಂದಕ್ಕೆ ತೋರಿಸಿದರು.

ಸೋಫಾದ ಮೇಲಿದ್ದ ಪೇಪರ್ ಕಂಕುಳಿಗೆ ಸಿಕ್ಕಿಸಿಕೊಂಡೆ. ಬಾಗಿಲ ಹತ್ತಿರ ಹೋಗಿ ನಿಂತೆ. ಎಡಗೈ ಪೆರೇಡಿನಂತೆ ಬೀಸಿಕೊಂಡು ಬಂದು, ಗಾಳಿ ಮೂಸಿ, ಹೊಟ್ಟೆಯಾಳದಿಂದ ಕೂಗಿದೆ. “ಲಲಿತಾ, ಕಾಫಿ.”

“ಬಂದೇ ರೀ,” ಎಂದರು ದೊಡ್ಡಮ್ಮ ಒಳಗಿಂದ.

ಆಮೇಲೆ ಅಡುಗೆಮನೆಯಲ್ಲಿ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತರು. ಪೇಪರ್ ಕಂಕುಳಲ್ಲಿಟ್ಟುಕೊಂಡ ನನ್ನನ್ನು ನೋಡಿದರು, ಕುರ್ಚಿಯಲ್ಲಿದ್ದ ದೊಡ್ಡಪ್ಪನನ್ನು ನೋಡಿದರು.

“ಯಾರು ಕರೆದದ್ದು?”

ನಾನು ಬಾಯಿ ಬಿಡುವ ಮೊದಲು ದೊಡ್ಡಪ್ಪ ನಿಧಾನವಾಗಿ ಎಡಗೈ ಎತ್ತಿದರು. “ನಾನೇ ಕಣೇ,” ಎಂದರು.

ಅಷ್ಟು ಸಣ್ಣ ದನಿ. ದೊಡ್ಡಮ್ಮನಿಗೆ ಅಲ್ಲಿಗೇ ಕೇಳಿಸಿತು. ಕಾಫಿಗೆ ಹಾಲಿಡಲು ಒಳಗೆ ಹೋದರು.